ಇಂಡೆಕ್ಸೇಷನ್ ಅಂದ್ರೇನು? ಸೈಟ್ ಮಾರಿದಾಗ ಟ್ಯಾಕ್ಸ್ ಬೀಳೋದು ಲಾಭಕ್ಕಾ, ಬೆಲೆ ಏರಿಕೆಗಾ?

2010-11ರಲ್ಲಿ ಒಬ್ರು ಹಾಸನದಲ್ಲೋ ದಾವಣಗೆರೆಲೋ 20 ಲಕ್ಷ ಕೊಟ್ಟು ಒಂದು ಸೈಟ್ ತಗೊಂಡ್ರು, 2025-26ರಲ್ಲಿ ಅದನ್ನ 45 ಲಕ್ಷಕ್ಕೆ ಮಾರಿದ್ರು ಅಂತ ಇಟ್ಕೊಳಿ. ನೋಡೋರ ಕಣ್ಣಿಗೆ 25 ಲಕ್ಷ ಲಾಭ. ಆದ್ರೆ ಈ ಹದಿನೈದು ವರ್ಷದಲ್ಲಿ ಅಕ್ಕಿ, ಸಿಮೆಂಟು, ಗಾರೆ ಕೆಲಸದವರ ಕೂಲಿ, ಮಕ್ಕಳ ಸ್ಕೂಲ್ ಫೀಸು ಎಲ್ಲಾನೂ ಏರಿದೆ, ಆಗ 20 ಲಕ್ಷಕ್ಕೆ ಏನೇನು ಬರ್ತಿತ್ತೋ ಅಷ್ಟನ್ನೇ ಈಗ ಕೊಳ್ಳೋಕೆ ಹೆಚ್ಚುಕಮ್ಮಿ 45 ಲಕ್ಷಾನೇ ಬೇಕು. ಅಂದ್ರೆ ಅವ್ರ ಆಸ್ತಿ ಬೆಳೆದಿಲ್ಲ, ಇದ್ದಲ್ಲೇ ಇದೆ. ಹಾಗಿದ್ಮೇಲೆ ಆ 25 ಲಕ್ಷದ ಮೇಲೆ ಟ್ಯಾಕ್ಸ್ ಹಾಕೋದು ಸರೀನಾ? ಈ ಪ್ರಶ್ನೆಗೆ ನಮ್ಮ ಇನ್‌ಕಮ್ ಟ್ಯಾಕ್ಸ್ ಕಾನೂನು 1992ರಲ್ಲಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ ಆಗಿದ್ದಾಗ, ಕೊಟ್ಟ ಉತ್ತರಾನೇ ಇಂಡೆಕ್ಸೇಷನ್.

ಲೆಕ್ಕ ಏನೂ ಕಷ್ಟ ಇಲ್ಲ. ಸರ್ಕಾರ ಪ್ರತಿ ವರ್ಷ ಕಾಸ್ಟ್ ಇನ್‌ಫ್ಲೇಷನ್ ಇಂಡೆಕ್ಸ್ ಅಂತ ಒಂದು ನಂಬರ್ ಪ್ರಕಟ ಮಾಡತ್ತೆ. 2001-02ಕ್ಕೆ ಅದು 100, 2010-11ಕ್ಕೆ 167, 2025-26ಕ್ಕೆ 376. ನೀವು ಕೊಟ್ಟ ದುಡ್ಡನ್ನ ಮಾರಿದ ವರ್ಷದ ನಂಬರಿಂದ ಗುಣಿಸಿ, ಕೊಂಡ ವರ್ಷದ ನಂಬರಿಂದ ಭಾಗಿಸ್ಬೇಕು ಅಷ್ಟೆ. 20 ಲಕ್ಷ ಇಂಟು 376 ಬೈ 167, ಸುಮಾರು 45 ಲಕ್ಷ ಬರತ್ತೆ. ಕಾನೂನಿನ ಕಣ್ಣಲ್ಲಿ ಅದೇ ನಿಮ್ಮ ಅಸಲು, 45 ಲಕ್ಷಕ್ಕೇ ಮಾರಿದ್ರೆ ಲಾಭ ಸೊನ್ನೆ, ಟ್ಯಾಕ್ಸೂ ಸೊನ್ನೆ. ಅದಕ್ಕಿಂತ ಮೇಲೆ ಬಂದಿದ್ದಕ್ಕೆ ಮಾತ್ರ 20 ಪರ್ಸೆಂಟ್. ಇನ್ನೊಂದು ವಿಷ್ಯ ಏನಂದ್ರೆ ಈ ನಂಬರ್ ಪೂರ್ತಿ ಬೆಲೆ ಏರಿಕೆನ ಹಿಡಿಯಲ್ಲ, ನಗರ ಪ್ರದೇಶದ ಗ್ರಾಹಕ ಬೆಲೆ ಸೂಚ್ಯಂಕ ಏರಿದ್ರಲ್ಲಿ 75 ಪರ್ಸೆಂಟ್ ಲೆಕ್ಕಕ್ಕೆ ತಗೊಂಡು ಮಾಡ್ತಾರೆ. ಹಾಗಾಗಿ ಇಂಡೆಕ್ಸೇಷನ್ ಅನ್ನೋದು ಸರ್ಕಾರ ಮಾಡಿದ ದಾನ ಅಂತ ಯಾರಾದ್ರೂ ಅಂದ್ರೆ ನಾನಂತೂ ಒಪ್ಪಲ್ಲ. ನಿಮಗೆ ಬರ್ದೇ ಇರೋ ಲಾಭಕ್ಕೆ ಟ್ಯಾಕ್ಸ್ ಹಾಕ್ದೇ ಇರೋದು ದಾನ ಹೇಗಾಗತ್ತೆ, ಅದೂ ಮುಕ್ಕಾಲು ಭಾಗ ಮಾತ್ರ.

2024ರ ಜುಲೈ 23ರ ಬಜೆಟ್‌ನಲ್ಲಿ ಇದನ್ನ ತೆಗೆದುಹಾಕಿದ್ರು. ನಿರ್ಮಲಾ ಸೀತಾರಾಮನ್ ಅವ್ರು ದೀರ್ಘಾವಧಿ ಲಾಭದ (ಅಂದ್ರೆ ಆಸ್ತಿನ ವರ್ಷಗಟ್ಟಲೆ ಇಟ್ಕೊಂಡು ಮಾರಿದಾಗ ಬರೋ ಲಾಭದ) ಟ್ಯಾಕ್ಸನ್ನ 20ರಿಂದ 12.5 ಪರ್ಸೆಂಟಿಗೆ ಇಳಿಸಿದ್ರು, ಜೊತೆಗೇ ಇಂಡೆಕ್ಸೇಷನ್ ಕೂಡ ಇಲ್ಲ ಅಂದ್ರು. ಸರ್ಕಾರದ ವಾದ ಏನು ಅಂದ್ರೆ ಲೆಕ್ಕ ಸರಳ ಆಗತ್ತೆ, ರೇಟ್ ಕಮ್ಮಿ ಆಗಿರೋದ್ರಿಂದ ಬಹುತೇಕ ಜನಕ್ಕೆ ಅನುಕೂಲಾನೇ ಅಂತ. ಕೇಳೋಕೆ ಚೆನ್ನಾಗಿದೆ, ಸ್ವಲ್ಪ ಮಟ್ಟಿಗೆ ನಿಜಾನೂ ಹೌದು, ಆದ್ರೆ ಯಾರಿಗೆ ಅನುಕೂಲ ಅನ್ನೋದನ್ನ ನೋಡ್ಬೇಕು.

ಅದೇ 20 ಲಕ್ಷದ ಸೈಟ್ ತಗೊಳಿ. ಬೆಂಗಳೂರಿನ ಹೊರವಲಯದಲ್ಲಿತ್ತು, 1 ಕೋಟಿಗೆ ಹೋಯ್ತು ಅಂದ್ರೆ ಹಳೇ ಲೆಕ್ಕದಲ್ಲಿ 55 ಲಕ್ಷದ ಮೇಲೆ 20 ಪರ್ಸೆಂಟ್, 11 ಲಕ್ಷ ಟ್ಯಾಕ್ಸ್. ಹೊಸ ಲೆಕ್ಕದಲ್ಲಿ 80 ಲಕ್ಷದ ಮೇಲೆ 12.5, ಅಂದ್ರೆ 10 ಲಕ್ಷ. ಒಂದು ಲಕ್ಷ ಉಳೀತು. ಅದೇ ಸೈಟ್ ಸಣ್ಣ ಊರಲ್ಲಿದ್ದು 60 ಲಕ್ಷಕ್ಕೆ ಹೋಯ್ತು ಅಂದ್ರೆ ಹಳೇದ್ರಲ್ಲಿ 3 ಲಕ್ಷ, ಹೊಸದ್ರಲ್ಲಿ 5 ಲಕ್ಷ. 45ಕ್ಕೇ ನಿಂತ್ಕೊಂಡಿದ್ರೆ ಹಳೇದ್ರಲ್ಲಿ ಏನೂ ಇಲ್ಲ, ಹೊಸದ್ರಲ್ಲಿ 3 ಲಕ್ಷದ ಹನ್ನೆರಡು ಸಾವಿರದ ಐನೂರು. (ಸೆಸ್, ಸರ್‌ಚಾರ್ಜ್ ನಾನು ಸೇರ್ಸಿಲ್ಲ.) ಈ ಸೈಟಿಗೆ ಎರಡೂ ಲೆಕ್ಕ ಸಮ ಆಗೋದು ಬೆಲೆ ಸುಮಾರು 4.3 ಪಟ್ಟು ಆದಾಗ, ವರ್ಷಕ್ಕೆ 10 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ ಏರಿರ್ಬೇಕು. ಜೋರಾಗಿ ಏರಿದ ಆಸ್ತಿ ಇದ್ದೋರಿಗೆ ಹೊಸ ನಿಯಮ ಲಾಭ, ನಿಧಾನಕ್ಕೆ ಏರಿದ ಆಸ್ತಿ ಇದ್ದೋರಿಗೆ ನಷ್ಟ. ನನಗೆ ಬೇಜಾರಾಗೋದು ಇಲ್ಲೇ, ಯಾಕಂದ್ರೆ ನಿಧಾನಕ್ಕೆ ಏರೋ ಆಸ್ತಿ ಇಟ್ಕೊಂಡಿರೋದು ಹೆಚ್ಚಾಗಿ ಸಣ್ಣ ಊರಿನ ರಿಟೈರ್ಡ್ ಮೇಷ್ಟ್ರು, ಗುಮಾಸ್ತರಂಥ ಜನ, ಇದ್ದಿದ್ದೊಂದು ಮನೆ ಅಂತ ಮೂವತ್ತು ವರ್ಷ ಕಾಪಾಡ್ಕೊಂಡು ಬಂದೋರು.

ಜನ ಜೋರಾಗೇ ವಿರೋಧ ಮಾಡಿದ್ರು, ಎರಡು ವಾರದಲ್ಲೇ ಅರ್ಧ ಹಿಂದಕ್ಕೆ ತಗೊಂಡ್ರು. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಜಾಗ ಅಥವಾ ಕಟ್ಟಡ ಆಗಿದ್ರೆ, ಭಾರತದಲ್ಲಿ ವಾಸ ಇರೋ ವ್ಯಕ್ತಿಗಳು ಮತ್ತೆ ಹಿಂದೂ ಅವಿಭಕ್ತ ಕುಟುಂಬಗಳು ಎರಡೂ ಲೆಕ್ಕ ಹಾಕಿ ಯಾವುದು ಕಮ್ಮಿನೋ ಅದನ್ನ ಕಟ್ಟಬಹುದು. ಆದ್ರೆ ಇಂಡೆಕ್ಸ್ ಮಾಡಿದ ಅಸಲು ಮಾರಿದ ಬೆಲೆಗಿಂತ ಜಾಸ್ತಿ ಬಂದ್ರೆ ಆ ನಷ್ಟವನ್ನ ಬೇರೆ ಲಾಭದ ಜೊತೆ ಹೊಂದಿಸ್ಕೊಳೋಕಾಗಲ್ಲ. ಆ ತಾರೀಖಿಂದ ಆಚೆಗೆ ಕೊಂಡಿದ್ದಕ್ಕೆ ಈ ಆಯ್ಕೆ ಇಲ್ಲ. ಎನ್ಆರ್‌ಐಗಳಿಗಂತೂ ಇಲ್ಲವೇ ಇಲ್ಲ, ದುಬೈಲೋ ಅಮೆರಿಕಾದಲ್ಲೋ ಕೂತು ಮೈಸೂರಲ್ಲೊಂದು ಫ್ಲಾಟ್ ಇಟ್ಕೊಂಡಿರೋ ನಮ್ಮೋರಿಗೆ ಅದು ಯಾವ ಕಾಲದಲ್ಲಿ ಕೊಂಡಿದ್ದಾದ್ರೂ 12.5 ಪರ್ಸೆಂಟ್, ಇಂಡೆಕ್ಸೇಷನ್ ಬಿಟ್ಟು. ಒಂದೇ ಬಿಲ್ಡಿಂಗು, ಅಕ್ಕಪಕ್ಕದ ಎರಡು ಫ್ಲಾಟು, ಒಂದೇ ದಿನ ಕೊಂಡು ಒಂದೇ ದಿನ ಮಾರಿದ್ರೂ ಇಲ್ಲೇ ಇರೋ ಅಣ್ಣಂಗೊಂದು ಟ್ಯಾಕ್ಸ್, ದುಬೈಲಿರೋ ತಮ್ಮಂಗೊಂದು ಟ್ಯಾಕ್ಸ್ ಆಗಬಹುದು.

ಚಿನ್ನಕ್ಕೂ ಆಯ್ಕೆ ಇಲ್ಲ, ಈಚೆಗೆ ಚಿನ್ನದ ರೇಟ್ ಅಷ್ಟು ಏರಿರೋದ್ರಿಂದ ಯಾರಿಗೂ ಅದು ಅಷ್ಟಾಗಿ ತಟ್ಟಿಲ್ಲ.

ಸಾಲಪತ್ರಗಳಲ್ಲಿ ದುಡ್ಡು ಹಾಕೋ ಡೆಟ್ ಮ್ಯೂಚುವಲ್ ಫಂಡ್‌ಗಳ ಕಥೆ ಇನ್ನೂ ಮುಂಚೆ ಮುಗಿದಿತ್ತು. 2023ರ ಏಪ್ರಿಲ್ 1ರಿಂದ ಕೊಂಡ ಯೂನಿಟ್‌ಗಳಿಗೆ ಇಂಡೆಕ್ಸೇಷನ್ ಹೋಯ್ತು, ದೀರ್ಘಾವಧಿ ಅನ್ನೋ ಲೆಕ್ಕಾನೇ ಹೋಯ್ತು, ಎಷ್ಟು ವರ್ಷ ಇಟ್ಕೊಂಡ್ರೂ ಲಾಭ ಪೂರ್ತಿ ನಿಮ್ಮ ಸ್ಲ್ಯಾಬ್ ರೇಟಿಗೇ, ಅಂದ್ರೆ ನಿಮ್ಮ ಆದಾಯಕ್ಕೆ ತಕ್ಕ ಟ್ಯಾಕ್ಸ್ ರೇಟಿಗೇ ಬೀಳತ್ತೆ. ಬ್ಯಾಂಕ್ ಎಫ್‌ಡಿ ಬಡ್ಡಿಗೆ ಮೊದಲಿಂದಾನೂ ಹಾಗೇನೇ, ಇಂಡೆಕ್ಸೇಷನ್ ಯಾವತ್ತೂ ಇರ್ಲಿಲ್ಲ. 7 ಪರ್ಸೆಂಟ್ ಬಡ್ಡಿ ಬಂತು, ನೀವು 30 ಪರ್ಸೆಂಟ್ ಸ್ಲ್ಯಾಬಲ್ಲಿದ್ದೀರ ಅಂದ್ರೆ ಕೈಗೆ ಉಳಿಯೋದು 4.9, ಆ ವರ್ಷ ಬೆಲೆ ಏರಿಕೆ 5 ಇದ್ರೆ ನಿಮ್ಮ ದುಡ್ಡು ಒಂಚೂರು ಕರಗಿದೆ, ಆದ್ರೂ ಟ್ಯಾಕ್ಸ್ ಕಟ್ಟಿದ್ದೀರ. ಸೇಫ್ ಆಗಿರ್ಲಿ ಅಂತ ಎಲ್ಲಾ ಎಫ್‌ಡೀಲೇ ಇಡೋರು ಬಡ್ಡಿ ರೇಟ್ ಒಂದನ್ನೇ ನೋಡ್ತಾರೆ, ಟ್ಯಾಕ್ಸ್ ಮತ್ತೆ ಬೆಲೆ ಏರಿಕೆ ಎರಡನ್ನೂ ಕಳೆದು ನೋಡೋರು ಕಮ್ಮಿ.

ಷೇರಿನ ವಿಷ್ಯದಲ್ಲಿ ನಿಯಮ ಬದಲಾದ ರೀತಿ ನೋಡಿದ್ರೆ ದೀರ್ಘಾವಧಿ ಹೂಡಿಕೆ ಮಾಡೋರು ಯಾಕೆ ಹುಷಾರಾಗಿರ್ಬೇಕು ಅಂತ ಗೊತ್ತಾಗತ್ತೆ. 2004ರಿಂದ ಒಂದು ವರ್ಷದ ಮೇಲೆ ಇಟ್ಕೊಂಡು ಎಕ್ಸ್‌ಚೇಂಜಲ್ಲಿ ಮಾರಿದ ಷೇರಿನ ಲಾಭಕ್ಕೆ ಟ್ಯಾಕ್ಸೇ ಇರ್ಲಿಲ್ಲ, 2018ರಲ್ಲಿ 1 ಲಕ್ಷ ದಾಟಿದ್ದಕ್ಕೆ 10 ಪರ್ಸೆಂಟ್ ಬಂತು, 2024ರಲ್ಲಿ ಅದು 1.25 ಲಕ್ಷ ದಾಟಿದ್ದಕ್ಕೆ 12.5 ಆಯ್ತು. ಇಪ್ಪತ್ತು ವರ್ಷದ ಪ್ಲಾನ್ ಹಾಕ್ಕೊಂಡು ಎಸ್‌ಐಪಿ (ತಿಂಗಳು ತಿಂಗಳು ಕಂತಲ್ಲಿ ಫಂಡಿಗೆ ದುಡ್ಡು ಹಾಕೋದು) ಶುರು ಮಾಡಿದವ್ರು ಮೂರು ಥರದ ಕಾನೂನು ನೋಡಿಬಿಟ್ರು. ಅದಕ್ಕೇ ಮಗಳ ಮದುವೆಗೆ, ಓದಿಗೆ ಅಂತ ಲೆಕ್ಕ ಹಾಕುವಾಗ ಇವತ್ತಿನ ಟ್ಯಾಕ್ಸ್ ರೇಟೇ ಆಗಲೂ ಇರತ್ತೆ ಅಂತ ಇಟ್ಕೋಬೇಡಿ, ಒಂದಷ್ಟು ಜಾಸ್ತೀನೇ ಹಿಡ್ಕೊಳಿ.

ಮನೆ, ಸೈಟ್ ಇರೋರು ಈಗ ಮಾಡ್ಬೇಕಾಗಿರೋದು ಕಾಗದ ಪತ್ರ ಹುಡುಕೋ ಕೆಲಸ. ಕೊಂಡಾಗಿನ ರಿಜಿಸ್ಟ್ರೇಷನ್ ಖರ್ಚು, ಸ್ಟ್ಯಾಂಪ್ ಡ್ಯೂಟಿ ಎಲ್ಲಾ ಅಸಲಿಗೆ ಸೇರತ್ತೆ, ಆಮೇಲೆ ಮೇಲ್ಗಡೆ ಒಂದು ಫ್ಲೋರ್ ಕಟ್ಟಿಸಿದ್ರೆ ಅದೂ ಸೇರತ್ತೆ, ಇಂಡೆಕ್ಸೇಷನ್ ಆಯ್ಕೆ ತಗೊಂಡ್ರೆ ಅದನ್ನ ಕಟ್ಟಿಸಿದ ವರ್ಷದ ನಂಬರಿಂದ ಏರಿಸ್ಬಹುದು, ಬಿಲ್ಲು ಇರ್ಬೇಕು ಅಷ್ಟೆ. ಅಪ್ಪನಿಂದ ಬಂದ ಮನೆ ಆದ್ರೆ ಅಪ್ಪ ಕೊಟ್ಟ ಬೆಲೆನೇ ನಿಮ್ಮ ಅಸಲು. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದ್ರೆ ಆ ದಿನದ ಮಾರ್ಕೆಟ್ ಬೆಲೆ ತಗೋಬಹುದು, ಆದ್ರೆ ಅದು ಆಗಿನ ಗೈಡೆನ್ಸ್ ವ್ಯಾಲ್ಯೂ (ರಿಜಿಸ್ಟ್ರೇಷನ್‌ಗೆ ಸರ್ಕಾರ ಗೊತ್ತು ಮಾಡಿದ ಬೆಲೆ) ಮೀರೋ ಹಾಗಿಲ್ಲ, ಹಾಗಾಗಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಆ ವರ್ಷದ ರೇಟ್ ವಿಚಾರಿಸಿ ಇಟ್ಕೊಳಿ. ಅಂಥ ಹಳೇ ಆಸ್ತಿಗೆ 2025-26ರಲ್ಲಿ ಎರಡು ಲೆಕ್ಕ ಸಮ ಆಗೋದು ಬೆಲೆ ಆ 2001ರ ಬೆಲೆಯ ಎಂಟು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆದಾಗ, ಅಷ್ಟು ಏರಿಲ್ಲ ಅಂದ್ರೆ ಇಂಡೆಕ್ಸೇಷನ್ನೇ ವಾಸಿ, ಮಾರೋ ಮುಂಚೆ ಎರಡನ್ನೂ ಬರೆದು ನೋಡಿ ಆಮೇಲೆ ಆಡಿಟರ್ ಹತ್ರ ಹೋಗಿ.