ಟೇಕ್ವಾಂಡೊ: ಒದೆಯುವ ಕಾಲಿಗಿಂತ ಊರಿದ ಕಾಲು ಮುಖ್ಯ

ಟೇಕ್ವಾಂಡೊ ಎಂದೊಡನೆ ಎಲ್ಲರ ಕಣ್ಣೆದುರು ಬರುವುದು ತಲೆಯೆತ್ತರಕ್ಕೆ ಚಿಮ್ಮುವ ಕಾಲು. ತರಬೇತುದಾರನಾದ ನನ್ನ ಕಣ್ಣು ಮೊದಲು ಹೋಗುವುದು ನೆಲದ ಮೇಲೆ ಊರಿದ ಇನ್ನೊಂದು ಕಾಲಿನತ್ತ. ಪಕ್ಕದಿಂದ ಬೀಸಿ ಒದೆಯುವ ದೊಲ್ಯೊ ಚಾಗಿಯನ್ನೇ ತೆಗೆದುಕೊಳ್ಳಿ. ಸೊಂಟ ತಿರುಗುವಾಗ ಊರಿದ ಪಾದವೂ ಮುಂಗಾಲಿನ ಮೇಲೆ ಹೊರಳಿ, ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಪಾದ ನೆಲಕ್ಕೆ ಅಂಟಿಕೊಂಡೇ ಇದ್ದರೆ ಆ ತಿರುವಿನ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು. ತಿರುಚುವಿಕೆಯನ್ನು ಅದು ಹೆಚ್ಚು ಸಹಿಸದು. ತರಗತಿಯಲ್ಲಿ ಮಂಡಿ ನೋವೆಂದು ಬರುವವರನ್ನು ನಾನು ಮೊದಲು ನಿಧಾನವಾಗಿ ಒದೆಯಲು ಹೇಳಿ, ಈ ಪಾದವನ್ನೇ ಗಮನಿಸುತ್ತೇನೆ.

ಈ ವಿದ್ಯೆಯ ದೊಡ್ಡ ಲಾಭವಿರುವುದೂ ಅಲ್ಲಿಯೇ. ಒಂದು ಕಾಲಿನ ಮೇಲೆ ನಿಂತು ಮಂಡಿಯೆತ್ತಿ, ಒದ್ದು, ಮತ್ತೆ ಮಂಡಿ ಮಡಚಿ, ಆಮೇಲೆ ಪಾದ ಇಳಿಸುವಾಗ ಕಣಕಾಲು, ಸೊಂಟದ ಪಕ್ಕದ ಸ್ನಾಯುಗಳು, ಹೊಟ್ಟೆ, ಬೆನ್ನು ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಒದ್ದ ಕಾಲನ್ನು ಹಾಗೇ ಕೆಳಗೆ ಬೀಳಿಸುವವರಿಗೆ ಈ ಲಾಭದ ಅರ್ಧವೂ ದಕ್ಕದು. ಗೋಡೆ ಹಿಡಿದು, ಸೊಂಟದೆತ್ತರಕ್ಕೆ, ನಾಲ್ಕೂ ಹಂತಗಳಲ್ಲಿ ಒಂದೊಂದು ಕ್ಷಣ ನಿಲ್ಲುತ್ತಾ ಒದೆಯಿರಿ. ಬೆವರಿಳಿಯಲು ಹೆಚ್ಚು ಹೊತ್ತು ಬೇಡ.

ಕೊರಿಯದವರು ರೂಪಿಸಿದ ಪಾಠಕ್ರಮವೂ ಇದೇ ದಾರಿಯಲ್ಲಿದೆ. ಕಪ್ಪು ಬೆಲ್ಟ್‌ಗೆ ಮುನ್ನ ಕಲಿಯಬೇಕಾದ ತೆಗುಕ್ ಪೂಮ್ಸೆಗಳು, ಅಂದರೆ ನಿಗದಿತ ಕ್ರಮದಲ್ಲಿ ಜೋಡಿಸಿದ ಚಲನೆಗಳ ಸರಣಿಗಳು, 8. ಮೊದಲನೆಯದಾದ ತೆಗುಕ್ ಇಲ್ ಜಾಂಗ್‌ನಲ್ಲಿ ಇರುವ ಒದೆತಗಳು ಎರಡೇ, ಅವೂ ನೇರ ಮುಂದಕ್ಕೆ ಒದೆಯುವ ಅಪ್ ಚಾಗಿ. ಉಳಿದುದೆಲ್ಲ ಹೆಜ್ಜೆ, ತಿರುವು, ತಡೆ, ಗುದ್ದು. ಮಕ್ಕಳಿಗೆ ಇದು ಸಪ್ಪೆ ಎನಿಸುತ್ತದೆ, ನಿಜ. ಆದರೆ ದಿಕ್ಕು ಬದಲಿಸುವಾಗ ತೂಕ ಯಾವ ಕಾಲಿನಿಂದ ಯಾವ ಕಾಲಿಗೆ ಹೋಯಿತು ಎಂದು ದೇಹಕ್ಕೆ ತಿಳಿಯುವುದು ಇಲ್ಲಿಯೇ.

ಎತ್ತರದ ಒದೆತದ ಆಸೆಗೆ ಸ್ಪರ್ಧೆಯ ನಿಯಮಗಳೂ ಕಾರಣ. 1988ರ ಸೋಲ್ ಮತ್ತು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಟೇಕ್ವಾಂಡೊ 2000ದ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಯಿತು. ಈಗಿನ ಪದ್ಧತಿಯಲ್ಲಿ ಎದೆಕವಚಕ್ಕೆ ತಗಲಿದ ಗುದ್ದಿಗೆ 1 ಅಂಕ, ಒದೆತಕ್ಕೆ 2, ತಲೆಗೆ ಒದ್ದರೆ 3; ಮೈ ತಿರುಗಿಸಿ ಒದ್ದರೆ ಇನ್ನೂ ಹೆಚ್ಚು. ಮುಖಕ್ಕೆ ಗುದ್ದುವಂತೆಯೇ ಇಲ್ಲ. ಹಾಗಾಗಿ ಸ್ಪರ್ಧೆಯನ್ನಷ್ಟೇ ಆಡಿದವರು ಕೈಯನ್ನು ಕೆಳಗಿಟ್ಟೇ ನಿಲ್ಲುವ ರೂಢಿ ಬೆಳೆಸಿಕೊಳ್ಳುತ್ತಾರೆ. ಆತ್ಮರಕ್ಷಣೆಗೆಂದೇ ಸೇರುವವರು ಇದನ್ನು ತಿಳಿದಿರಬೇಕು. ಅಂತರ ಅಳೆಯುವುದು, ಬೆದರದೆ ನಿಲ್ಲುವುದು, ದೂರ ಸರಿಯುವುದು ಈ ಕಲಿಕೆಯಿಂದ ಖಂಡಿತ ಬರುತ್ತವೆ. ಯಾರನ್ನಾದರೂ ಸೋಲಿಸಬಲ್ಲೆ ಎಂಬ ಭರವಸೆಯನ್ನು ನಾನು ಕೊಡಲಾರೆ.

ನಲವತ್ತು ದಾಟಿದವರೂ ಧಾರಾಳವಾಗಿ ಸೇರಬಹುದು. ಹೃದಯದ ತೊಂದರೆ ಅಥವಾ ಹಳೆಯ ಮಂಡಿ ಗಾಯವಿದ್ದರೆ ಮೊದಲು ವೈದ್ಯರನ್ನು ಕಾಣಿ. ಆರಂಭದಲ್ಲಿ ಕಾಲುಗಳನ್ನು ಮೆಲ್ಲಗೆ ಬೀಸಿ ಮೈ ಬಿಸಿ ಮಾಡಿಕೊಳ್ಳಿ, ಹಿಗ್ಗಿಸಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಅಭ್ಯಾಸದ ಕೊನೆಗಿರಲಿ. ಮಕ್ಕಳ ಬೆನ್ನು ಒತ್ತಿ ಬಲವಂತವಾಗಿ ಸ್ಪ್ಲಿಟ್ ಮಾಡಿಸುವ ತರಗತಿ ಕಂಡರೆ ಮಗುವನ್ನು ಅಲ್ಲಿಂದ ಕರೆತನ್ನಿ.

ಸೇರುವ ಮುನ್ನ ಒಂದು ದಿನ ಕುಳಿತು ನೋಡುವುದು ಒಳ್ಳೆಯದು. ಕಪ್ಪು ಬೆಲ್ಟ್ ಬೇಗ ಕೊಡಿಸುತ್ತೇವೆಂಬ ಮಾತಿಗೆ ಮರುಳಾಗಬೇಡಿ. ಟೇಕ್ವಾಂಡೊದ ಕೇಂದ್ರ ಸಂಸ್ಥೆಯಾದ ಸೋಲ್‌ನ ಕುಕ್ಕಿವಾನ್ ನಿಯಮದಂತೆ ಮೊದಲ ಡಾನ್‌ನಿಂದ (ಡಾನ್ ಎಂದರೆ ಕಪ್ಪು ಬೆಲ್ಟ್‌ನ ದರ್ಜೆ) ಎರಡನೆಯದಕ್ಕೆ ಕನಿಷ್ಠ 1 ವರ್ಷ, ಎರಡರಿಂದ ಮೂರಕ್ಕೆ 2 ವರ್ಷ ಕಾಯಬೇಕು. ಸೆಣಸಾಟಕ್ಕೆ ಶಿರಸ್ತ್ರಾಣ, ಎದೆಕವಚ, ಮೌತ್‌ಗಾರ್ಡ್ ಕಡ್ಡಾಯವೇ ಎಂದು ಕೇಳಿ. ತಲೆಗೆ ಪೆಟ್ಟು ಬಿದ್ದು ಮಂಕು ಕವಿದವರನ್ನು ಆ ದಿನ ಮತ್ತೆ ಆಡಿಸುತ್ತಾರೆಯೇ ಎಂದೂ ವಿಚಾರಿಸಿ. ಆಡಿಸುತ್ತೇವೆ ಎಂಬ ಉತ್ತರ ಬಂದರೆ ಬೇರೆ ದೋಜಾಂಗ್ (ತರಬೇತಿ ಶಾಲೆ) ಹುಡುಕಿ.