ಮರಿಯಾಗುವ ಮೊದಲೇ ಕೊಡುವ ವಿಟಮಿನ್: ಬ್ರಾಯ್ಲರ್ ಸಾಕುವವರು ತಿಳಿದಿರಬೇಕಾದದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬ್ರಾಯ್ಲರ್ ಸಾಕಣೆದಾರರಿಂದ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮೊಟ್ಟೆಯಲ್ಲಿರುವಾಗಲೇ ವಿಟಮಿನ್ ಚುಚ್ಚಿದ ಮರಿ ಅಂತ ಹೇಳ್ತಾರಲ್ಲ ಡಾಕ್ಟ್ರೇ, ಹಾಗಾದ್ರೆ ಇನ್ನು ನಾವು ನೀರಿಗೆ ಬಾಟ್ಲಿ ವಿಟಮಿನ್ ಹಾಕುವುದು ಬೇಡವಾ?" ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಏಕೆಂದರೆ ಮರಿಯ ದೇಹಕ್ಕೆ ವಿಟಮಿನ್ ಸೇರುವುದು ಮೂರು ಹಂತಗಳಲ್ಲಿ: ತಾಯಿಕೋಳಿಯ ಆಹಾರದಿಂದ ಮೊಟ್ಟೆಗೆ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಹ್ಯಾಚರಿಯಲ್ಲಿ ಚುಚ್ಚಿದರೆ ಭ್ರೂಣಕ್ಕೆ, ಕೊನೆಗೆ ನಮ್ಮ ಶೆಡ್ಡಿನ ಫೀಡ್ ಮತ್ತು ನೀರಿನಿಂದ ಮರಿಗೆ. ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚಿನ ತೂಕವಿದೆ ಎಂಬುದು ನನ್ನ ಅಭಿಪ್ರಾಯ. ಮಾರಾಟದ ಮಾತಿನಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲ.

ಕಾವಿನ ಅವಧಿ 21 ದಿನ. ಮರಿ ಶೆಡ್ಡಿಗೆ ಬಂದ ಮೇಲೆ ಮಾರಾಟಕ್ಕೆ ಹೋಗುವವರೆಗೆ ಸುಮಾರು 35ರಿಂದ 40 ದಿನ. ಅಂದರೆ ಬ್ರಾಯ್ಲರ್ ಕೋಳಿಯ ಬದುಕಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಮೊಟ್ಟೆಯೊಳಗೇ ಕಳೆದಿರುತ್ತದೆ, ಮತ್ತು ಆ ಕಾಲದಲ್ಲಿ ಅದಕ್ಕೆ ಹೊರಗಿನಿಂದ ಸಿಗುವುದು ಆಮ್ಲಜನಕ ಮಾತ್ರ. ಎ, ಡಿ, ಇ ಮುಂತಾದ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಹಳದಿಯಲ್ಲಿ ಸಂಗ್ರಹವಾಗಿರುತ್ತವೆ; ರೈಬೋಫ್ಲೇವಿನ್ ಎಂಬ ಬಿ2 ವಿಟಮಿನ್ ಅದಕ್ಕೆಂದೇ ಇರುವ ಪ್ರೋಟೀನಿನ ಮೂಲಕ ಹಳದಿಗೂ ಬಿಳಿಗೂ ಸೇರುತ್ತದೆ. ವಿಟಮಿನ್ ಸಿ ಮಾತ್ರ ಮೊಟ್ಟೆಯಲ್ಲಿ ಇರುವುದಿಲ್ಲ, ಭ್ರೂಣವೇ ಅದನ್ನು ತಯಾರಿಸಿಕೊಳ್ಳುತ್ತದೆ. ತಾಯಿಕೋಳಿಯ ಆಹಾರದಲ್ಲಿ ಬಿ2 ಕಡಿಮೆಯಾದರೆ ಕಾವಿನ ನಡುವೆಯೇ ಭ್ರೂಣಗಳು ಸಾಯುತ್ತವೆ. ಉಳಿದು ಹೊರಬಂದ ಮರಿಗಳ ತುಪ್ಪುಳು ಗಂಟುಗಂಟಾಗಿರುತ್ತದೆ, ಕಾಲ್ಬೆರಳುಗಳು ಒಳಕ್ಕೆ ಮುದುಡಿರುತ್ತವೆ. ಬಿ2 ವಿಟಮಿನನ್ನು ಮೊಟ್ಟೆಗೆ ಸಾಗಿಸಲಾರದ ವಂಶಪಾರಂಪರ್ಯ ದೋಷವಿರುವ ಕೋಳಿಗಳ ಮೊಟ್ಟೆಗಳಲ್ಲಿ ಭ್ರೂಣ ಹದಿಮೂರನೆಯ ದಿನದ ಆಸುಪಾಸಿನಲ್ಲಿ ಸಾಯುತ್ತಿದ್ದುದನ್ನೂ, ಅದೇ ವಿಟಮಿನನ್ನು ಮೊಟ್ಟೆಗೆ ಚುಚ್ಚಿದಾಗ ಭ್ರೂಣ ಬದುಕಿ ಮರಿಯಾದುದನ್ನೂ ವಿಜ್ಞಾನಿಗಳು ಹಲವು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಮೊಟ್ಟೆಗೆ ಹೊರಗಿನಿಂದ ಪೋಷಕಾಂಶ ಸೇರಿಸಬಹುದು ಎಂಬ ಯೋಚನೆ ಹೊಸದೇನಲ್ಲ.

ಹೊರಬರುವ ಮುಂಚಿನ ಎರಡು ಮೂರು ದಿನಗಳು ಭ್ರೂಣಕ್ಕೆ ಅತ್ಯಂತ ಕಷ್ಟದ ಕಾಲ. ಅಲ್ಲಿಯವರೆಗೆ ಚಿಪ್ಪಿನ ಒಳಮೈಗೆ ಹರಡಿದ ರಕ್ತನಾಳಗಳ ಪೊರೆಯಿಂದ ನಡೆಯುತ್ತಿದ್ದ ಉಸಿರಾಟ ಈಗ ಶ್ವಾಸಕೋಶಕ್ಕೆ ಬದಲಾಗುತ್ತದೆ. ಆಮ್ಲಜನಕದ ಬಳಕೆ ಒಮ್ಮೆಲೇ ಏರುತ್ತದೆ, ದೇಹದ ಅಂಗಾಂಶಗಳಲ್ಲಿರುವ ಬೇಗ ಕೆಡುವ ಬಗೆಯ ಕೊಬ್ಬು ಉತ್ಕರ್ಷಣೆಗೆ, ಅಂದರೆ ಆಮ್ಲಜನಕದೊಡನೆ ಸೇರಿ ಕೆಡುವುದಕ್ಕೆ, ಒಳಗಾಗುವ ಅಪಾಯ ಹೆಚ್ಚುತ್ತದೆ. ಇದನ್ನು ತಡೆಯುವ ಕೆಲಸದಲ್ಲಿ ವಿಟಮಿನ್ ಇ ಮುಂದಿರುತ್ತದೆ. ಕಾವಿನ ಕೊನೆಯ ವಾರದಲ್ಲಿ ಅದು ಹಳದಿಯಿಂದ ಯಕೃತ್ತಿಗೆ ಸಾಗಿ ಅಲ್ಲಿ ಶೇಖರವಾಗುತ್ತದೆ. ಮೆದುಳಿಗೆ ಸಿಗುವ ಪಾಲು ಮಾತ್ರ ಬಹಳ ಕಡಿಮೆ. ಮರಿ ಹೊರಬಂದ ಮೇಲೆ ಯಕೃತ್ತಿನ ಆ ಶೇಖರಣೆಯೂ ಬೇಗನೆ ಇಳಿಯುತ್ತದೆ. ವಿಟಮಿನ್ ಇ ಕೊರತೆಯಾದ ಎಳೆಯ ಕೋಳಿಗಳು ಕತ್ತನ್ನು ತಿರುಚಿ, ಹಿಂದಕ್ಕೆ ಬಾಗಿಸಿ, ನಿಲ್ಲಲಾರದೆ ಬೀಳುವುದು ಮೆದುಳಿಗಾಗುವ ಇಂಥ ಹಾನಿಯಿಂದಲೇ.

ಈಗ ಚುಚ್ಚುವ ವಿಧಾನಕ್ಕೆ ಬರೋಣ. ಮೊಟ್ಟೆಯೊಳಗೆ ಲಸಿಕೆ ಕೊಟ್ಟು ವೈರಸ್‌ನಿಂದ ಬಂದು ಕೋಳಿಯ ಕಾಲು ಸೋಲಿಸುವ ಮಾರೆಕ್ಸ್ ರೋಗವನ್ನು ತಡೆಯಬಹುದೆಂದು ಅಮೆರಿಕದ ಸಂಶೋಧಕರು 1982ರಲ್ಲಿ ವರದಿ ಮಾಡಿದರು. 1990ರ ದಶಕದಲ್ಲಿ ಆ ಕೆಲಸಕ್ಕೆ ಯಂತ್ರಗಳು ಬಂದವು. ಇದೇ ದಾರಿಯಲ್ಲಿ ಪೋಷಕಾಂಶಗಳನ್ನೂ ಕೊಡುವ ವಿಧಾನಕ್ಕೆ ಇಸ್ರೇಲಿನ ಜೆಹಾವಾ ಯುನಿ ಮತ್ತು ಅಮೆರಿಕದ ಪೀಟರ್ ಫರ್ಕೆಟ್ 2003ರಲ್ಲಿ ಪೇಟೆಂಟ್ ಪಡೆದರು. ಭ್ರೂಣವನ್ನು ಸುತ್ತುವರಿದ ದ್ರವವನ್ನು ಭ್ರೂಣವು ಕೊಕ್ಕಿನಿಂದ ಚಿಪ್ಪು ಒಡೆಯುವ ಮುನ್ನ ತಾನೇ ನುಂಗುತ್ತದೆ ಎಂಬ ಸಹಜ ಸಂಗತಿಯೇ ಈ ವಿಧಾನದ ಆಧಾರ. ಆ ದ್ರವಕ್ಕೆ ಸೇರಿದ ವಿಟಮಿನ್ ಹೀಗೆ ಕರುಳನ್ನು ತಲುಪುತ್ತದೆ. ಮೊಟ್ಟೆಗಳನ್ನು ಕಾವಿನ ಯಂತ್ರದಿಂದ ಮರಿಯಾಗುವ ಯಂತ್ರಕ್ಕೆ ವರ್ಗಾಯಿಸುವುದು ಹೆಚ್ಚಾಗಿ ಹದಿನೆಂಟನೆಯ ದಿನದ ಸುಮಾರಿಗೆ, ಚುಚ್ಚುವುದೂ ಆಗಲೇ. ಮೊದಲೇ ಚುಚ್ಚಿದರೆ ಭ್ರೂಣ ನುಂಗುವ ಹಂತಕ್ಕೆ ಬಂದಿರುವುದಿಲ್ಲ, ತಡವಾದರೆ ದ್ರವವೇ ಉಳಿದಿರುವುದಿಲ್ಲ.

ಇಷ್ಟನ್ನು ಕೇಳಿದರೆ ಬಹಳ ಸುಲಭವೆನಿಸುತ್ತದೆ. ಕೆಡುವ ಅವಕಾಶವೂ ಅಷ್ಟೇ ಇದೆ. ಸೂಜಿ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶದಲ್ಲೇ ನಿಂತರೆ ವಿಟಮಿನ್ ಭ್ರೂಣಕ್ಕೆ ತಲುಪದೆ ವ್ಯರ್ಥವಾಗುತ್ತದೆ, ಭ್ರೂಣದ ಮೈಗೆ ತಗುಲಿದರೆ ಗಾಯವಾಗುತ್ತದೆ. ವಿಟಮಿನ್ ಇ ಎಣ್ಣೆಯ ಸ್ವಭಾವದ್ದು. ಅದನ್ನು ನೀರಿನೊಡನೆ ಬೆರೆಯುವಂತೆ ಸಂಸ್ಕರಿಸದೆ ಹಾಗೆಯೇ ಕೊಟ್ಟು, ಆ ಎಣ್ಣೆ ಗಾಳಿಕೋಶದ ಪೊರೆಯ ಮೇಲೆ ಹರಡಿದರೆ ಉಸಿರಾಟಕ್ಕೇ ಅಡ್ಡಿ. ದ್ರಾವಣ ತೀರಾ ಸಾಂದ್ರವಾಗಿದ್ದರೂ ಭ್ರೂಣಕ್ಕೆ ತೊಂದರೆ. ಎಲ್ಲಕ್ಕಿಂತ ದೊಡ್ಡ ಭಯ ಚಿಪ್ಪಿನ ರಂಧ್ರದ್ದು: ಹ್ಯಾಚರಿಯ ಗಾಳಿಯಲ್ಲಿ ಆಸ್ಪರ್ಜಿಲ್ಲಸ್ ಬೂಷ್ಟಿನ ಬೀಜಾಣುಗಳಿದ್ದರೆ ಅವು ಆ ದಾರಿಯಿಂದ ನೇರವಾಗಿ ಒಳಸೇರುತ್ತವೆ, ಮತ್ತು ಎಳೆಮರಿಗಳನ್ನು ಬೆಚ್ಚಗಿಡುವ ಬ್ರೂಡರಿನಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಮರಿಗಳಾಗಿ ನಮ್ಮ ಮುಂದೆ ಬರುತ್ತವೆ. ಯಂತ್ರದ ಸೂಜಿಯನ್ನು ಮೊಟ್ಟೆಯಿಂದ ಮೊಟ್ಟೆಗೆ ಸೋಂಕುರಹಿತಗೊಳಿಸುವ ವ್ಯವಸ್ಥೆ ಇಲ್ಲದ ಹ್ಯಾಚರಿ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಲಾಭದ ವಿಷಯದಲ್ಲಿ ಸಂಶೋಧನೆಗಳು ಒಂದೇ ಮಾತನ್ನು ಹೇಳುವುದಿಲ್ಲ. ಬರೇಲಿಯ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವೆಡೆ ಈ ಕುರಿತು ಕೆಲಸ ನಡೆದಿದೆ. ವಿಟಮಿನ್ ಇ ಪಡೆದ ಮರಿಗಳಲ್ಲಿ ಉತ್ಕರ್ಷಣೆಯನ್ನು ತಡೆಯುವ ಶಕ್ತಿ ಮತ್ತು ಲಸಿಕೆಗೆ ಪ್ರತಿಕಾಯ ಬೆಳೆಯುವ ಪ್ರಮಾಣ ಉತ್ತಮವಾದುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ವಿಟಮಿನ್ ಸಿ ಮಿತವಾದ ಪ್ರಮಾಣದಲ್ಲಿ ಒಳ್ಳೆಯ ಪರಿಣಾಮ ತೋರಿಸಿದೆ, ಮಿತಿ ಮೀರಿದಾಗ ಮರಿಯಾಗುವ ಪ್ರಮಾಣವನ್ನೇ ಇಳಿಸಿದೆ. ಯಕೃತ್ತಿನಲ್ಲಿ ಒಂದು ಹಂತ ಪರಿವರ್ತನೆಗೊಂಡ ರೂಪದ ವಿಟಮಿನ್ ಡಿ ಬಗ್ಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಗಳು ಆಶಾದಾಯಕವಾಗಿವೆ. ಎದೆಯ ಮಾಂಸದ ಪ್ರಮಾಣವೂ ಅಲ್ಲಿ ಹೆಚ್ಚಿದ್ದುಂಟು. ಆದರೆ ಮೊದಲ ವಾರದಲ್ಲಿ ಕಂಡ ತೂಕದ ವ್ಯತ್ಯಾಸ ಮಾರಾಟದ ಹೊತ್ತಿಗೆ ಅಳಿಸಿಹೋದ ಉದಾಹರಣೆಗಳೂ ಸಾಕಷ್ಟಿವೆ. ಯಾವುದಾದರೂ ಕಂಪೆನಿಯ ಪ್ರಚಾರಪತ್ರ ನಿಮ್ಮ ಕೈಗೆ ಬಂದರೆ, ವಿಟಮಿನ್ ಕೊಟ್ಟ ಮೊಟ್ಟೆಗಳನ್ನು ಯಾವುದರೊಡನೆ ಹೋಲಿಸಿದ್ದಾರೆ ಎಂದು ಮೊದಲು ನೋಡಿ. ಏನನ್ನೂ ಚುಚ್ಚದ ಮೊಟ್ಟೆಗಳೊಡನೆ ಮಾತ್ರವಲ್ಲ, ಬರೀ ಉಪ್ಪುನೀರಿನ ದ್ರಾವಣ ಚುಚ್ಚಿದ ಮೊಟ್ಟೆಗಳೊಡನೆಯೂ ಹೋಲಿಸಿದ್ದರೆ ಮಾತ್ರ, ವಿಟಮಿನ್ನಿನ ಪರಿಣಾಮ ಎಷ್ಟು, ಚುಚ್ಚಿದ್ದರ ಪರಿಣಾಮ ಎಷ್ಟು ಎಂದು ಬೇರ್ಪಡಿಸಿ ಹೇಳಬಹುದು.

ತಾಯಿಕೋಳಿಗೆ ಸರಿಯಾದ ಆಹಾರ ಕೊಡದೆ ಹದಿನೆಂಟನೆಯ ದಿನ ಮೊಟ್ಟೆಗೆ ವಿಟಮಿನ್ ಚುಚ್ಚುವುದು, ಸೊರಗಿದ ಅಡಿಕೆ ಸಸಿಗೆ ನೆಡುವ ಹಿಂದಿನ ದಿನ ಗೊಬ್ಬರ ಹಾಕಿದಂತೆ. ಅಷ್ಟರೊಳಗೆ ಹೃದಯ, ಎಲುಬು, ನರಗಳೆಲ್ಲ ರೂಪುಗೊಂಡಾಗಿರುತ್ತವೆ.

ಹಾಗಿದ್ದರೂ ಕಾಸರಗೋಡಿನ ಸ್ಥಿತಿಯಲ್ಲಿ ಈ ವಿಧಾನಕ್ಕೆ ಒಂದು ಸಮರ್ಥನೆ ಇದೆ. ನಮ್ಮಲ್ಲಿಗೆ ಮರಿಗಳು ಬರುವುದು ಬಹುಪಾಲು ದೂರದಿಂದ. ಕೊಯಮತ್ತೂರು, ಪಲ್ಲಡಂ ಕಡೆಯಿಂದ ಹೊರಟ ವಾಹನ ಪಾಲಕ್ಕಾಡಿನ ಮೂಲಕ ಇಲ್ಲಿಗೆ ತಲುಪಲು ಹಲವು ಗಂಟೆ ಬೇಕು. ಅದಕ್ಕೂ ಮೊದಲು, ಒಂದೇ ಯಂತ್ರದಲ್ಲಿ ಮೊದಲು ಹೊರಬಂದ ಮರಿಗೂ ಕೊನೆಯ ಮರಿಗೂ ಒಂದು ದಿನದಷ್ಟು ಅಥವಾ ಅದಕ್ಕೂ ಹೆಚ್ಚಿನ ಅಂತರವಿರುತ್ತದೆ. ಬೇಗ ಹೊರಬಂದ ಮರಿ ನಮ್ಮ ಶೆಡ್ಡಿನಲ್ಲಿ ಮೊದಲ ಗುಟುಕು ನೀರು ಕುಡಿಯುವಷ್ಟರಲ್ಲಿ ಹೊಟ್ಟೆಯಲ್ಲಿ ಉಳಿದ ಹಳದಿಯೊಂದನ್ನೇ ನಂಬಿ ಬಹಳ ಹೊತ್ತು ಕಳೆದಿರುತ್ತದೆ. ಇಂಥ ಮರಿಗೆ ಮೊಟ್ಟೆಯಲ್ಲಿದ್ದಾಗಲೇ ಸಿಕ್ಕ ಸ್ವಲ್ಪ ಹೆಚ್ಚಿನ ವಿಟಮಿನ್ ಉಪಯೋಗಕ್ಕೆ ಬರಬಹುದು. ಹ್ಯಾಚರಿ ಹತ್ತಿರವಿದ್ದು, ಮರಿಗಳು ಅದೇ ದಿನ ಆಹಾರ ಕಾಣುವ ಕಡೆ ಅದೇ ಪ್ರಮಾಣದ ಲಾಭವನ್ನು ನಾನು ನಿರೀಕ್ಷಿಸುವುದಿಲ್ಲ.

ಇನ್ನು ಬಾಟ್ಲಿಯ ವಿಷಯ. ಚುಚ್ಚಿದ ಮರಿಯಾದರೂ ಫೀಡಿನ ವಿಟಮಿನ್ ಅದಕ್ಕೆ ಬೇಕೇ ಬೇಕು, ಏಕೆಂದರೆ ಮೊಟ್ಟೆಯಲ್ಲಿ ಕೊಟ್ಟದ್ದು ಕೆಲವು ದಿನಗಳ ಮಟ್ಟಿಗೆ ಮಾತ್ರ. ಒಳ್ಳೆಯ ಫೀಡ್ ಇದ್ದರೆ ನೀರಿನ ವಿಟಮಿನ್ ಮೊದಲ ಮೂರು ನಾಲ್ಕು ದಿನ, ಲಸಿಕೆಯ ಆಸುಪಾಸು ಮತ್ತು ಏಪ್ರಿಲ್‌, ಮೇ ತಿಂಗಳ ಸೆಕೆಯಲ್ಲಿ ಕೊಟ್ಟರೆ ಸಾಕು. ಮುರಕಲ್ಲಿನ ಬಾವಿಯ ಮತ್ತು ನೀರಿಗಾಗಿ ಗುಡ್ಡದೊಳಕ್ಕೆ ಕೊರೆದ ಸುರಂಗದ ನೀರು ಸಾಮಾನ್ಯವಾಗಿ ಆಮ್ಲೀಯ. ಕೆಲವೆಡೆ ಕಬ್ಬಿಣದ ಅಂಶವೂ ಹೆಚ್ಚು. ಕಬ್ಬಿಣ ಮತ್ತು ಕ್ಲೋರಿನ್ ಎರಡೂ ವಿಟಮಿನನ್ನು ಕೆಡಿಸುತ್ತವೆ. ಆದ್ದರಿಂದ ಕ್ಲೋರಿನ್ ಹಾಕಿದ ಟ್ಯಾಂಕಿಗೇ ವಿಟಮಿನ್ ಸುರಿಯಬಾರದು. ಕೆಲವು ಗಂಟೆಗಳಲ್ಲಿ ಕುಡಿದು ಮುಗಿಯುವಷ್ಟು ನೀರಿಗೆ ಮಾತ್ರ ಬೆರೆಸಿ, ಬಿಸಿಲು ಬೀಳದಂತೆ ಇಡಬೇಕು. ಮಳೆಗಾಲದಲ್ಲಿ ನೆಲದ ಮೇಲೆ ಪೇರಿಸಿಟ್ಟು ಬೂಷ್ಟು ಹಿಡಿದ ಫೀಡ್ ಚೀಲ ಯಾವ ಬಾಟ್ಲಿಯಿಂದಲೂ ಸರಿಹೋಗುವುದಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆಯೂ ತಪ್ಪು: ವಿಟಮಿನ್ ಎ ಮಿತಿ ಮೀರಿದರೆ ವಿಟಮಿನ್ ಇ ಹೀರಿಕೊಳ್ಳುವುದೇ ಕುಗ್ಗುತ್ತದೆ. ಕಾಲು ಎಳೆಯುವ ಕೋಳಿ ಕಂಡ ತಕ್ಷಣ ಎ, ಡಿ, ಇ ಮೂರೂ ಇರುವ ಬಾಟ್ಲಿ ತರುವ ಮೊದಲು ಸತ್ತ ಒಂದೆರಡು ಕೋಳಿಗಳನ್ನು ಮೃಗಾಸ್ಪತ್ರೆಗೆ ತಂದು ಶವಪರೀಕ್ಷೆ ಮಾಡಿಸಿದರೆ, ಅದು ಕೀಲಿನ ಸೋಂಕೋ, ಮಾರೆಕ್ಸೋ, ನಿಜಕ್ಕೂ ಪೋಷಣೆಯ ಕೊರತೆಯೋ ಎಂದು ಗುರುತಿಸಲು ದಾರಿಯಾಗುತ್ತದೆ.

ಸ್ವಂತವಾಗಿ ಮರಿ ಕೊಳ್ಳುವವರು ಹ್ಯಾಚರಿಯವರಲ್ಲಿ ತಾಯಿಕೋಳಿಗಳ ವಯಸ್ಸೆಷ್ಟು, ಮೊಟ್ಟೆಗಳನ್ನು ಎಷ್ಟು ದಿನ ಕೂಡಿಟ್ಟು ಕಾವಿಗೆ ಇಟ್ಟರು, ಚುಚ್ಚಿದ್ದು ಯಾವ ವಿಟಮಿನ್ ಎಂದು ಕೇಳಿ ತಿಳಿದುಕೊಳ್ಳಬೇಕು. ಕಂಪೆನಿಯ ಗುತ್ತಿಗೆಯಲ್ಲಿ ಸಾಕುವವರಿಗೆ ಮರಿಯನ್ನು ಆರಿಸುವ ಅವಕಾಶವಿಲ್ಲ, ಆದರೆ ತೂಗುವ ಅವಕಾಶವಿದೆ. ಮರಿ ಇಳಿಸಿದ ದಿನ ನೂರು ಮರಿಗಳನ್ನು ತೂಗಿ ಸರಾಸರಿ ಬರೆದಿಡಿ. ಏಳನೆಯ ದಿನ ಮತ್ತೆ ತೂಗಿದಾಗ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಬಂದಿದ್ದರೆ ಆರಂಭ ಚೆನ್ನಾಗಿದೆ. ಚುಚ್ಚಿದ ಮತ್ತು ಚುಚ್ಚದ ಮರಿಗಳು ಒಂದೇ ಬ್ಯಾಚಿನಲ್ಲಿ ಸಿಕ್ಕರೆ ನಡುವೆ ಬಲೆ ಕಟ್ಟಿ ಬೇರೆಬೇರೆ ಸಾಕಿ, ಏಳನೆಯ ದಿನದ ತೂಕದ ಜೊತೆಗೆ ಮಾರುವ ದಿನದ ತೂಕವನ್ನೂ, ಸತ್ತ ಸಂಖ್ಯೆಯನ್ನೂ, ತಿಂದ ಫೀಡನ್ನೂ ಎರಡು ಕಡೆಯದು ಪ್ರತ್ಯೇಕವಾಗಿ ಬರೆದುಕೊಳ್ಳಿ.