ಕಾಡಾನೆ ಹಿಡಿಯುವ ವಿದ್ಯೆಯ ಕಲಿಕೆ

ಕಾಡಾನೆ ಸೆರೆ ಕಾರ್ಯಾಚರಣೆ ಎಂದೊಡನೆ ಜನರ ಗಮನ ಹೋಗುವುದು ಅರಿವಳಿಕೆ ಬಂದೂಕಿನ ಕಡೆಗೆ. ಕೊಡಗು, ಹಾಸನದ ಕಾಫಿ ತೋಟಗಳಿಗೆ ಈ ಕೆಲಸಕ್ಕೆಂದು ಬರುವ ಕಿರಿಯ ಪಶುವೈದ್ಯರೂ ಮೊದಲು ಕೇಳುವುದು ಔಷಧದ ಪ್ರಮಾಣವನ್ನೇ. ಅದಕ್ಕೂ ಮುಂಚೆ ಜೇನುಕುರುಬ ಮಾವುತರ ಹಿಂದೆ ನಡೆದು ನೆಲ ನೋಡುವುದನ್ನು ಕಲಿಯಿರಿ ಎಂದು, ವನ್ಯಜೀವಿ ವೈದ್ಯನಾಗಿ, ನಾನು ಅವರಿಗೆ ಹೇಳುತ್ತೇನೆ.

ಆನೆಯ ಮುಂಗಾಲಿನ ಹೆಜ್ಜೆ ದುಂಡಗಿರುತ್ತದೆ, ಹಿಂಗಾಲಿನದು ನೀಳವಾಗಿರುತ್ತದೆ. ನಡೆಯುವಾಗ ಹಿಂದಿನ ಹೆಜ್ಜೆ ಮುಂದಿನದರ ಮೇಲೆಯೇ ಬೀಳುವುದರಿಂದ ಎರಡನ್ನೂ ಬಿಡಿಸಿ ನೋಡುವುದಕ್ಕೆ ಕಣ್ಣು ಪಳಗಿರಬೇಕು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಇಮ್ಮಡಿಸಿದರೆ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ: 4.5 ಅಡಿ ಸುತ್ತಳತೆಯ ಹೆಜ್ಜೆ ಸುಮಾರು 9 ಅಡಿಯ ಸಲಗದ್ದು. ಎತ್ತರದಿಂದ ತೂಕದ ಅಂದಾಜು, ತೂಕದಿಂದ ಔಷಧದ ಅಂದಾಜು. ಲದ್ದಿಯಲ್ಲಿ ನಾರು ಉದ್ದುದ್ದವಾಗಿ ಹಾಗೆಯೇ ಉಳಿದಿದ್ದರೆ ದವಡೆ ಹಲ್ಲು ಸವೆದ ಮುದಿ ಆನೆಯೆಂದು ಶಂಕಿಸಬೇಕು. ದಾರಿಯುದ್ದಕ್ಕೂ ಮೂತ್ರ ತೊಟ್ಟಿಕ್ಕಿ ಘಾಟು ವಾಸನೆ ಹೊಡೆಯುತ್ತಿದ್ದರೆ ಸಲಗ ಮದದಲ್ಲಿದೆ ಎಂದೇ ತಿಳಿಯಬೇಕು. ಅಂತಹ ಸಲಗ ಕಾರ್ಯಾಚರಣೆಗೆಂದು ಪಳಗಿಸಿದ ಕುಮ್ಕಿ ಆನೆಗಳ ಮೇಲೆಯೇ ಏರಿ ಬರಬಹುದು. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಬಳಿ ಸತ್ತದ್ದು ಕಾರ್ಯಾಚರಣೆಯ ನಡುವೆ ಕಾಡು ಸಲಗದೊಡನೆ ನಡೆದ ಕಾದಾಟದಲ್ಲಿಯೇ.

ಈ ಅರಿವು ಅರಿವಳಿಕೆಗಿಂತ ಬಹಳ ಹಳೆಯದು. ಬಿದಿರು, ಸೊಪ್ಪು ಮುಚ್ಚಿದ ಗುಂಡಿಗೆ ಆನೆ ಕೆಡವುತ್ತಿದ್ದ ಕಾಲವಿತ್ತು. ಅದರಲ್ಲಿ ಆನೆಗಳು ಕಾಲು ಮುರಿದು ಸಾಯುವುದೂ ಇದ್ದುದರಿಂದ ಆ ಕ್ರೂರ ಪದ್ಧತಿ ಹೋದದ್ದೇ ಒಳ್ಳೆಯದಾಯಿತು. ಹಿಂಡನ್ನೇ ಅಟ್ಟಿ ಹಿಡಿಯುವ ಖೆಡ್ಡಾವನ್ನು ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಗೆಲ್ಲಿಸಿದ. ಅವನಿಗೂ ಸುಮಾರು ನೂರು ವರ್ಷ ಮೊದಲು ಹೈದರಾಲಿ ಪ್ರಯತ್ನಿಸಿ ಸೋತಿದ್ದನೆಂದು ಸ್ಯಾಂಡರ್ಸನ್ನನೇ ಬರೆದಿದ್ದಾನೆ. ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿ ಹೊಳೆ ದಾಟಿಸಿ ಆವರಣಕ್ಕೆ ತುಂಬುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಖೆಡ್ಡಾದ ಹಗ್ಗದ ಕೆಲಸ ಮಾತ್ರ ಇಂದಿಗೂ ಉಳಿದಿದೆ. ಕ್ಸೈಲಜಿನ್, ಕೆಟಮಿನ್ ಎಂಬ ಅರಿವಳಿಕೆ ಔಷಧಗಳ ಮಿಶ್ರಣ ತುಂಬಿದ ಡಾರ್ಟ್ (ಬಂದೂಕಿನಿಂದ ಹಾರಿಸುವ ಸೂಜಿ) ತಗುಲಿದ ಆನೆ ಸಾಮಾನ್ಯವಾಗಿ ನಿಂತೇ ಮಂಪರಿಗೆ ಜಾರುತ್ತದೆ, ಸೊಂಡಿಲು ಜೋತು ಬೀಳುತ್ತದೆ, ಕಿವಿ ಬೀಸುವುದು ನಿಧಾನವಾಗುತ್ತದೆ. ಆಗ ಎರಡು ಕುಮ್ಕಿಗಳು ಎರಡೂ ಮಗ್ಗುಲಿಗೆ ಒತ್ತಿ ನಿಲ್ಲುತ್ತವೆ, ಮಾವುತನ ಸಹಾಯಕನಾದ ಕಾವಾಡಿ ಕೆಳಗಿಳಿದು ಹಿಂಗಾಲಿಗೆ ಹಗ್ಗ ಸುತ್ತುತ್ತಾನೆ. ಆನೆ ಎದೆಯ ಮೇಲೆ ಕುಸಿದರೆ ಪ್ರಾಣಕ್ಕೇ ಅಪಾಯ: ಅದರ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿರುವುದರಿಂದ ಉಸಿರಾಟವೆಲ್ಲ ಎದೆ, ಹೊಟ್ಟೆಯ ಸ್ನಾಯುಗಳ ಚಲನೆಯನ್ನೇ ನಂಬಿದೆ. ಆ ಹೊತ್ತಿನಲ್ಲಿ ಕುಮ್ಕಿಯಿಂದ ನೂಕಿಸಿ ಮಗ್ಗುಲಿಗೆ ಹೊರಳಿಸಬೇಕು. ಯಾವ ಕಡೆಯಿಂದ, ಎಷ್ಟು ಬಲವಾಗಿ ನೂಕಿಸಬೇಕೆಂಬುದನ್ನು ಮಾವುತ ತನ್ನ ಆನೆಯ ಕಿವಿಯ ಹಿಂದೆ ಕಾಲ ಬೆರಳು ಒತ್ತಿ ಹೇಳುತ್ತಾನೆ. ನಾನು ಕಂಡ ವೈದ್ಯಕೀಯ ಕೌಶಲಗಳಲ್ಲಿ ಇದಕ್ಕೆ ಸಮನಾದದ್ದು ಬಹಳ ಇಲ್ಲ.

ಮಾವುತನಾಗುವವನು ಸೊಪ್ಪು ಕಡಿಯುವುದರಿಂದ, ಆನೆ ತೊಳೆಯುವುದರಿಂದ ಆರಂಭಿಸಿ ವರ್ಷಗಟ್ಟಲೆ ಕಾವಾಡಿಯಾಗಿ ದುಡಿಯುತ್ತಾನೆ. ದುಬಾರೆ, ಮತ್ತಿಗೋಡಿನಂತಹ ಶಿಬಿರಗಳಲ್ಲಿ ಹೊಸದಾಗಿ ಹಿಡಿದ ಆನೆಯನ್ನು ಮರದ ದಿಮ್ಮಿಗಳ ಕ್ರಾಲ್ ಎಂಬ ದೊಡ್ಡಿಯಲ್ಲಿಟ್ಟು, ಕಬ್ಬು ಬೆಲ್ಲ ಕೊಟ್ಟು, ಹೆಸರು ಹಿಡಿದು ಮಾತಾಡಿಸುತ್ತ ಪಳಗಿಸುವಾಗ ಅವನು ಕಲಿಯುವುದನ್ನು ಬೇರೆಲ್ಲಿಯೂ ಕಲಿಯಲಾಗದು.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶವಿಲ್ಲದೆ ಆನೆ ಹಿಡಿಯುವಂತಿಲ್ಲ, ಹಿಡಿಯುವುದು ಕಡಿಮೆಯಾದಷ್ಟೂ ಒಳ್ಳೆಯದೆಂದೇ ನನ್ನ ನಿಲುವು. ಆದರೆ ಕಾರ್ಯಾಚರಣೆ ಕಡಿಮೆಯಾದಂತೆ ಕಲಿಯುವ ಅವಕಾಶವೂ ಕಡಿಮೆಯಾಗುತ್ತದೆ. ಆದ್ದರಿಂದ ರೇಡಿಯೊ ಕಾಲರ್ ತೊಡಿಸಲು ಆನೆಯನ್ನು ಮಂಪರಿಗೊಳಿಸುವಾಗಲೆಲ್ಲ ಕಿರಿಯ ಕಾವಾಡಿಗಳಿಗೆ ಹಗ್ಗದ ಕೆಲಸ ಒಪ್ಪಿಸಬೇಕು, ಡಾರ್ಟ್ ಹಿಡಿಯಲಿರುವ ವೈದ್ಯರು ಅದಕ್ಕೂ ಮುನ್ನ ಕೆಲವು ತಿಂಗಳು ಆನೆ ಶಿಬಿರದಲ್ಲಿಯೇ ಇರಬೇಕು, ನಿವೃತ್ತಿಯಾಗುವ ಮಾವುತರನ್ನು ತರಬೇತುದಾರರೆಂದು ಸಂಬಳ ಕೊಟ್ಟು ಉಳಿಸಿಕೊಳ್ಳಬೇಕು.